ಬುಂದಿಯ ಉಪವಾಸ

ಕಮಲಾಬಾಯಿಯ ನಾಯಿ ಚತುರ್ದಶಿಗೆ ಉಪವಾಸ ಮಾಡುತ್ತದೆ ಎಂಬ ಸುದ್ದಿ ಕಬ್ಬೂರಿನ ಬಸದಿ ಓಣಿಯನ್ನು ದಾಟಿ ಬೇರೆ ಊರುಗಳಿಗೂ ಹೋಗಿತ್ತು. ಅಥಣಿಯಿಂದ ಬಂದ ಬೀಗರು ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ಎಲ್ಲೈತ್ರಿ ಆ ಉಪಾಸದ ನಾಯಿ?" ಎಂದು ಕೇಳುತ್ತಿದ್ದರು. ಕಮಲಾಬಾಯಿ "ಬುಂದೀ" ಎಂದು ಕೂಗಿದರೆ ಹಿತ್ತಲಿಂದ ಒಂದು ಕಂದು ನಾಯಿ ಬಾಲ ಅಲ್ಲಾಡಿಸುತ್ತ ಬಂದು ನಿಲ್ಲುತ್ತಿತ್ತು. ಮೈತುಂಬ ಬುಂದಿಕಾಳಿನಂಥ ಹಳದಿ ಚುಕ್ಕೆ, ಅದಕ್ಕೇ ಆ ಹೆಸರು. ಅಷ್ಟಮಿಗೆ ಅದಕ್ಕೆ ಒಂದೇ ಹೊತ್ತು, ಚತುರ್ದಶಿಗೆ ಬರೀ ನೀರು, ಉಳಿದ ದಿನ ಹೊತ್ತು ಮುಳುಗುವ ಮೊದಲು ರೊಟ್ಟಿ, ಮಜ್ಜಿಗೆ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಮನುಷ್ಯರಿಗೂ ಊಟವಿಲ್ಲ, ನಾಯಿಗೂ ಇಲ್ಲ. ಈ ವ್ರತಕ್ಕೆ ನಾಯಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಇದು ಎಂಬತ್ತೇಳನೆಯ ಇಸವಿಯ ಸಂಗತಿ. ಕಮಲಾಬಾಯಿಗೆ ಆಗ ಐವತ್ತರ ಹತ್ತಿರ. ಗಂಡ ಜಿನ್ನಪ್ಪ ಕಬ್ಬಿನ ಹೊಲ ನೋಡಿಕೊಂಡಿದ್ದ, ಮನೆಯಲ್ಲಿ ಮಾತಾಡುವ ಕೆಲಸವನ್ನು ಪೂರ್ತಿಯಾಗಿ ಹೆಂಡತಿಗೆ ಬಿಟ್ಟುಕೊಟ್ಟಿದ್ದ. ಕಮಲಾಬಾಯಿ ಕೆಟ್ಟ ಹೆಂಗಸಲ್ಲ. ಇರುವೆಯ ಗೂಡಿನ ಬಾಯಿಗೆ ಸಕ್ಕರೆ ಉದುರಿಸುವವಳು, ಬೇಸಿಗೆಯಲ್ಲಿ ಹಕ್ಕಿಗಳಿಗೆ ಮಾಳಿಗೆಯ ಮೇಲೆ ನೀರಿಡುವವಳು. ಆದರೆ ತಾನು ಒಳ್ಳೆಯವಳು ಎಂಬುದು ಆಕೆಗೆ ತುಸು ಹೆಚ್ಚೇ ಗೊತ್ತಿತ್ತು.

ಎದುರು ಮನೆ ಲಕ್ಕವ್ವನದು. ಒಕ್ಕಲುತನದ ಮನೆ, ಮಗ ಜ್ಞಾನದೇವ ಟೆಂಪೋ ಇಟ್ಟುಕೊಂಡು ನಿಪ್ಪಾಣಿಗೆ ತಂಬಾಕಿನ ಚೀಲ ಸಾಗಿಸುತ್ತಿದ್ದ. ಅವರ ಮನೆಯಲ್ಲಿ ಮಟನ್ ಬೇಯುವ ದಿನ ಕಮಲಾಬಾಯಿ ತನ್ನ ಪಡಸಾಲೆಯ ಕಿಟಕಿಯನ್ನು ಧಡ್ಡನೆ ಮುಚ್ಚುತ್ತಿದ್ದಳು. ಮೆಲ್ಲಗೆ ಮುಚ್ಚಿದರೂ ವಾಸನೆ ತಡೆಯುತ್ತಿತ್ತು. ಆದರೆ ಮೆಲ್ಲಗೆ ಮುಚ್ಚಿದ್ದು ಎದುರು ಮನೆಗೆ ಕೇಳಿಸುತ್ತಿರಲಿಲ್ಲ. ಇಷ್ಟು ಬಿಟ್ಟರೆ ಎರಡೂ ಮನೆಗಳ ನಡುವೆ ಜಗಳವೇನೂ ಇರಲಿಲ್ಲ. ಉಪ್ಪಿನಕಾಯಿ, ಕರಿಬೇವು ಅತ್ತಿತ್ತ ಹೋಗಿ ಬರುತ್ತಿದ್ದವು.

ಆ ವರ್ಷ ಶ್ರಾವಣದ ಕೊನೆಯ ಚತುರ್ದಶಿಯಂದು ಕಮಲಾಬಾಯಿ ಬೆಣ್ಣೆ ಕಾಸಿದಳು. ಮುಂದಿನ ವಾರ ಹತ್ತು ದಿನದ ದಶಲಕ್ಷಣ ಪರ್ವ, ಮನೆಯಲ್ಲಿ ಹೊಸ ತುಪ್ಪ ಇರಬೇಕು. ನೀರು ಸೋಸುವ ಅರಿವೆಯನ್ನೂ ಪರ್ವಕ್ಕೆಂದು ಬದಲಿಸಿದಳು. ಜೈನರಾದ ಅವರ ಮನೆಗಳಲ್ಲಿ ಬಾವಿಯಿಂದ ಸೇದಿದ ನೀರನ್ನು ದಪ್ಪ ಅರಿವೆ ಎರಡು ಮಡಿಕೆ ಮಾಡಿ ಸೋಸದೆ ಬಾಯಿಗೆ ಹಾಕುವುದಿಲ್ಲ. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಬಿಡುತ್ತಾರೆ. ಕಮಲಾಬಾಯಿಯ ಕೈಯಲ್ಲಿ ಅಂಥ ಅರಿವೆಗೆ ಮೂರು ಜನ್ಮ. ಮೊದಲನೆಯದರಲ್ಲಿ ನೀರು ಸೋಸುವುದು, ಎರಡನೆಯದರಲ್ಲಿ ತುಪ್ಪ ಸೋಸುವುದು, ಮೂರನೆಯದರಲ್ಲಿ ನೆಲ ಒರೆಸುವುದು. ಕೆಂಪು ದಾರದಿಂದ ತಾನೇ ಅಂಚು ಹೊಲಿದಿದ್ದ ಹಳೆಯ ಅರಿವೆಯಲ್ಲಿ ಅಂದು ತುಪ್ಪ ಸೋಸಿ, ಅದನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟಳು. ಬೆಳಿಗ್ಗೆ ಬಿಸಿನೀರಲ್ಲಿ ಒಗೆದರಾಯಿತು ಎಂದುಕೊಂಡಳು. ಬುಂದಿ ಅಂದು ಏನೂ ತಿಂದಿರಲಿಲ್ಲ. ಬೆಳಿಗ್ಗೆ ನೋಡಿದರೆ ಕಲ್ಲಿನ ಮೇಲೆ ಅರಿವೆ ಇಲ್ಲ. "ಕಾಗಿ ಒಯ್ದಿರಬೇಕ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮರೆತುಬಿಟ್ಟಳು.

ಅಮಾವಾಸ್ಯೆ ಕಳೆದು ಶ್ರಾವಣ ಮುಗಿಯಿತು. ಮರುದಿನವೇ ಲಕ್ಕವ್ವನ ಅಳಿಯ ಬಂದ. ತಿಂಗಳಿಡೀ ಬಾಯಿ ಕಟ್ಟಿದ್ದ ಮನೆ, ಅಳಿಯ ಬೇರೆ ಬಂದಿದ್ದಾನೆ, ಮಟನ್ ಆಯಿತು. ಕಮಲಾಬಾಯಿಯ ಕಿಟಕಿ ಧಡ್ಡೆಂದಿತು. ಮಾರನೆಯ ದಿನ ಬುಂದಿ ಹಳದಿ ನೀರು ಕಾರತೊಡಗಿತು. ರೊಟ್ಟಿ ಮೂಸಿ ಮುಖ ತಿರುಗಿಸಿತು. ಹೊಟ್ಟೆ ಮುಟ್ಟಿದರೆ ಕುಂಯ್ ಎಂದು ಬೆನ್ನು ಬಾಗಿಸುತ್ತಿತ್ತು.

ಕಮಲಾಬಾಯಿ ಒಂದೂ ಒಂದೂ ಕೂಡಿಸಿದಳು, ಲೆಕ್ಕ ತಪ್ಪಾಯಿತು. ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋದವಳು, ಓಣಿಯ ಹೆಂಗಸರೆಲ್ಲ ನೆರೆದಿರುವಾಗಲೇ ಲಕ್ಕವ್ವನ ಮೇಲೆ ಹರಿಹಾಯ್ದಳು.

"ನಿನ್ನ ಮನಿ ಎಲುಬ ತಿಂದ ನನ್ನ ನಾಯಿ ಸಾಯಾಕತ್ತೇತಿ ಲಕ್ಕವ್ವಾ. ಹುಟ್ಟಿದಾಗಿಂದ ಮಾಂಸ ಮೂಸಿದ್ದಲ್ಲ ಅದು."

ಲಕ್ಕವ್ವನ ಕೈಯಲ್ಲಿದ್ದ ಹಗ್ಗ ಹಾಗೇ ನಿಂತಿತು. "ಎಲುಬ ತಿಪ್ಪ್ಯಾಗ ಹಾಕೀನ್ರಿ ಬಾಯಾರ. ಮ್ಯಾಲ ಬೂದಿ ಎಳದೀನಿ. ನಾಯಿ ಕೈಗಿ ಸಿಗೂವಂಗ ಇಟ್ಟಿಲ್ರಿ."

"ಹಂಗಾರ ಮುಗಲಿಂದ ಬಿತ್ತೇನ ಎಲುಬ? ಬಾಯಿ ಚಟಕ್ಕ ಜೀವಾ ಕಡದ ತಿನ್ನೂ ಮಂದಿ ನೀವು. ಮಂದಿ ಸಾಕಿದ ಜೀವದ ಕಿಮ್ಮತ್ತ ನಿಮಗೇನ ಗೊತ್ತ!"

ಎರಡು ಮನೆ ಆಚೆಯ ರಾಜಮತಿ, ಓಣಿಯ ಸುದ್ದಿಗಳಿಗೆಲ್ಲ ಅಂಚೆಪೆಟ್ಟಿಗೆ ಅವಳೇ, "ಹೌದ ಮತ್ತ" ಎಂದು ತಲೆ ಹಾಕಿದಳು. ಲಕ್ಕವ್ವ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮನೆಗೆ ಹೋದಳು.

ಮಧ್ಯಾಹ್ನಕ್ಕೆ ಬುಂದಿಗೆ ಏಳಲು ಆಗಲಿಲ್ಲ. ಚಿಕ್ಕೋಡಿಯ ದನದ ದವಾಖಾನೆಗೆ ಒಯ್ಯಬೇಕು, ಬಸ್ಸಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಜಿನ್ನಪ್ಪ ಅಂಗಳದಲ್ಲಿ ನಿಂತು ಯಾರ ಗಾಡಿ ಕೇಳುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಜ್ಞಾನದೇವ ಟೆಂಪೋ ತಂದು ಬಾಗಿಲಿಗೆ ಹಚ್ಚಿದ. "ಅವ್ವ ಹೇಳ್ಯಾಳ" ಎಂದಷ್ಟೇ ಹೇಳಿದ. ಕಮಲಾಬಾಯಿ ಗೋಣಿಚೀಲದ ಮೇಲೆ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ತಂಬಾಕಿನ ಘಾಟಿಗೆ ಬುಂದಿ ದಾರಿಯುದ್ದಕ್ಕೂ ಸೀನಿತು, ಸೀನಿದಾಗಲೆಲ್ಲ ನೋವಿಗೆ ಅತ್ತಿತು.

ದವಾಖಾನೆಯ ಡಾಕ್ಟರು ರಾಯಬಾಗದ ಕಡೆಯ ತರುಣ. ಬೆಳಗಿನಿಂದ ಎತ್ತು ಎಮ್ಮೆ ನೋಡಿ ಸುಸ್ತಾಗಿದ್ದರು. ನಾಯಿಯ ಹೊಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತುತ್ತ, ಒಂದು ಕಡೆ ಬೆರಳು ನಿಲ್ಲಿಸಿದರು.

"ಕರುಳಾಗ ಗಂಟ ಹತ್ತತೈತಿ. ಏನೋ ನುಂಗಿ ಸಿಕ್ಕೊಂಡೈತಿ."

"ಎಲುಬರಿ ಸಾಹೇಬ್ರ" ಎಂದಳು ಕಮಲಾಬಾಯಿ. ಜ್ಞಾನದೇವ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಕೇಳಲೆಂದೇ ದನಿ ತುಸು ಏರಿಸಿದಳು. "ಮಟನ್ ಎಲುಬ. ಎದರ ಮನ್ಯಾವ್ರ ಒಗದಿದ್ರು."

"ಇರಬಹುದು. ಹೊಟ್ಟಿ ತೆಗದ ನೋಡಬೇಕ. ಬಿಟ್ರ ಉಳ್ಯೂದಿಲ್ಲ."

ಜೀವದ ಮೇಲೆ ಚಾಕು ಹಾಕಿಸುವುದು ಕಮಲಾಬಾಯಿಗೆ ಒಗ್ಗದ ಮಾತು. ಆದರೂ ಹೂಂ ಎಂದಳು. ಜ್ಞಾನದೇವ ಹೊರಗೆ ಹೋಗಿ ಹುಣಸೆಮರದ ಕೆಳಗೆ ಕೂತ. ಡಾಕ್ಟರು ಮಂಪರಿನ ಇಂಜೆಕ್ಷನ್ ಕೊಟ್ಟು, ಹೊಟ್ಟೆಯ ಕೂದಲು ಬೋಳಿಸಿ, ಜಿನ್ನಪ್ಪನಿಗೆ ಕಾಲು ಹಿಡಿದುಕೊಳ್ಳಲು ಹೇಳಿದರು. ಕಮಲಾಬಾಯಿ ಗೋಡೆಯ ಕಡೆ ಮುಖ ಮಾಡಿ ಣಮೋಕಾರ ಮಂತ್ರ ಹೇಳುತ್ತ ನಿಂತಳು.

"ಬಾಯಾರ, ಇತ್ತ ನೋಡ್ರಿ" ಎಂದು ಡಾಕ್ಟರು ಕರೆದಾಗ ಆಕೆ ತಿರುಗಿದಳು. ಕರುಳು ಸಂಚಿಯ ಲಾಡಿ ಎಳೆದಂತೆ ಮುದುಡಿಕೊಂಡಿತ್ತು. ಅದರಲ್ಲಿ ಕೊಯ್ದ ಸಣ್ಣ ಬಾಯಿಯಿಂದ ಡಾಕ್ಟರು ಚಿಮುಟದಲ್ಲಿ ಏನನ್ನೋ ಮೆಲ್ಲಮೆಲ್ಲಗೆ ಎಳೆಯುತ್ತಿದ್ದರು. ಎಲುಬಲ್ಲ. ಅದು ಮೆತ್ತಗಿತ್ತು, ಉದ್ದಕ್ಕೆ ಬರುತ್ತಲೇ ಇತ್ತು. ಕೊನೆಗೆ ಪೂರ್ತಿ ಹೊರಬಂದು ತಾಟಿನಲ್ಲಿ ಬಿದ್ದಾಗ, ಅಷ್ಟೆಲ್ಲ ಹೊಲಸಿನ ನಡುವೆಯೂ ಒಂದು ಅಂಚು ಕಂಡಿತು. ಕೆಂಪು ದಾರ. ಕೈಹೊಲಿಗೆ.

ಕಾಣದ ಜೀವವೂ ಸಾಯಬಾರದೆಂದು ಇಟ್ಟುಕೊಂಡ ಅರಿವೆ, ಕಣ್ಣೆದುರಿನ ಜೀವದ ಕರುಳಿಗೆ ಉರುಳಾಗಿತ್ತು. ಜಿನ್ನಪ್ಪ ಅರಿವೆ ನೋಡಿದ, ಹೆಂಡತಿಯ ಮುಖ ನೋಡಿದ, ನೆಲ ನೋಡಿದ.

"ತುಪ್ಪದ ವಾಸನಿ ಬರತೈತಿ" ಎಂದರು ಡಾಕ್ಟರು, ಹೊಲಿಗೆ ಹಾಕುತ್ತ. "ಹೊಟ್ಟಿ ತುಂಬಿದ ನಾಯಿ ಅರಿವಿ ನುಂಗೂದಿಲ್ರಿ. ಆವತ್ತೇನಾರ ಊಟಾ ಹಾಕಿರಲಿಲ್ಲೇನು?"

"ಚತುರ್ದಶಿ ಇತ್ರಿ" ಎಂದಳು ಕಮಲಾಬಾಯಿ. ಇಷ್ಟು ವರ್ಷ ಹೆಮ್ಮೆಯಿಂದ ಹೇಳುತ್ತ ಬಂದ ಮಾತು ಅದು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ಆರೈಕೆ ಹೇಳಿದರು. ನಾಳೆಯ ತನಕ ಹೊಟ್ಟೆಗೆ ಏನೂ ಬೇಡ, ಸಲೈನ್ ಹಾಕಿದ್ದೇನೆ. ಆಮೇಲೆ ಚಮಚೆಯಲ್ಲಿ ಸಕ್ಕರೆ ಉಪ್ಪಿನ ನೀರು. ಅದು ದಕ್ಕಿದರೆ ತೆಳ್ಳನೆಯ ಗಂಜಿ, ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ. ಜಿಗಿಯಲು ಬಿಡಬೇಡಿ, ಹೊಲಿಗೆ ನೆಕ್ಕಲು ಬಿಡಬೇಡಿ, ನೊಣ ಕೂರದಂತೆ ನೋಡಿಕೊಳ್ಳಿ. ಎಲ್ಲ ಹೇಳಿ ಕೊನೆಗೆ, "ಸಂಜಿ ಆದ ಮ್ಯಾಲೂ ಹಾಕಬೇಕ್ರಿ ಗಂಜಿ. ಕರುಳ ಹೊಲದೈತಿ. ಒಮ್ಮೆಲೆ ಹೊಟ್ಟಿ ತುಂಬ ಹಾಕಿದ್ರೂ ತಪ್ಪ, ಉಪಾಸ ಕೆಡವಿದ್ರೂ ತಪ್ಪ" ಎಂದರು. ಅರಿವೆಯನ್ನು ಕಾಗದದಲ್ಲಿ ಸುತ್ತಿ ಒಂದು ಕಡೆ ಇಟ್ಟಿದ್ದರು. ಕಮಲಾಬಾಯಿ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು. ಏಕೆ ಇಟ್ಟುಕೊಂಡಳೋ ಆಕೆಗೇ ತಿಳಿಯಲಿಲ್ಲ.

ಹೊರಗೆ ಜ್ಞಾನದೇವ ಎದ್ದು ನಿಂತ. "ಏನಾತ್ರಿ ಕಾಕಾ?"

"ಏನೋ ಸಿಕ್ಕೊಂಡಿತ್ತ, ತಗದ್ರ" ಎಂದ ಜಿನ್ನಪ್ಪ.

ಏನು ಎಂದು ಹುಡುಗ ಕೇಳಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಕಮಲಾಬಾಯಿ ಆಗಲೇ ಹೇಳಬಹುದಿತ್ತು. ಒಂದೇ ಮಾತು. ಅರಿವೆ ಎಂಬ ಮಾತು ನಾಲಿಗೆಯ ತುದಿಯ ತನಕ ಬಂತು, ಅದರ ಹಿಂದೆಯೇ ಬಾವಿಕಟ್ಟೆಯ ಹೆಂಗಸರ ಮುಖಗಳೆಲ್ಲ ಬಂದವು. ಆಕೆ ಟೆಂಪೋ ಹತ್ತಿ ಕೂತಳು.

ಓಣಿಗೆ ಬರುತ್ತಲೇ ರಾಜಮತಿ ಎದುರಾದಳು. "ಎಲುಬ ಬಂತೇನ್ರಿ ಕಮಲಕ್ಕಾ?"

"ತಗದಾರ" ಎಂದಳು ಕಮಲಾಬಾಯಿ.

ಅದರಲ್ಲಿ ಸುಳ್ಳಿರಲಿಲ್ಲ. ರಾಜಮತಿ ಅದನ್ನು ಹೊತ್ತುಕೊಂಡು ಮನೆಮನೆಗೆ ಹೋದಳು; ಕತ್ತಲಾಗುವುದರೊಳಗೆ ಲಕ್ಕವ್ವನ ಮನೆಯ ಎಲುಬು ಚಿಕ್ಕೋಡಿಯ ಡಾಕ್ಟರ ತಾಟಿನಲ್ಲಿ ಬಿದ್ದದ್ದನ್ನು ಓಣಿಯೆಲ್ಲ ಕಣ್ಣಾರೆ ಕಂಡಂತಾಗಿತ್ತು.

ಮರುದಿನ ಸಂಜೆ ಹೊತ್ತು ಮುಳುಗುತ್ತಿದ್ದಂತೆ ಲಕ್ಕವ್ವ ಮೆಟ್ಟಿಲ ಕೆಳಗೆ ಬಂದು ನಿಂತಳು. ಕೈಯಲ್ಲಿ ಅಲ್ಯೂಮಿನಿಯಂನ ಹೊಸ ಜರ್ಮನ್ ಪಾತ್ರೆ, ಅದರ ಮೇಲೆ ತಟ್ಟೆ.

"ನೀವು ಹೊತ್ತ ಮುಣಗಿದ ಮ್ಯಾಲ ಒಲಿ ಹಚ್ಚೂದಿಲ್ಲ. ಸಂಜಿ ಗಂಜಿ ನಾ ಕಾಸಿ ಕೊಡ್ತೀನ್ರಿ ಬಾಯಾರ, ಇದಕ್ಕ ಆರಾಮ ಆಗೂತನಕ. ಭಾಂಡೆ ಹೊಸಾದ, ಇದಕ್ಕಂತನ ತಂದೀನಿ. ಇದರಾಗ ಬ್ಯಾರೆ ಏನೂ ಮುಟ್ಟಿಸೂದಿಲ್ರಿ. ಒಲೀನೂ ಸಾರಿಸೀನಿ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು, "ನನ್ನ ಮನಿ ಎಲುಬಿಂದ ಆಗೇತಿ. ನಾನ ನೋಡಬೇಕ."

ಈಗಲಾದರೂ ಹೇಳು ಎಂದಿತು ಕಮಲಾಬಾಯಿಯ ಮನಸ್ಸು. ಬಾಯಿ ಮಾತ್ರ, "ಹಂಗಾರ ಮಾಡ" ಎಂದಿತು.

ಅಂದಿನಿಂದ ದಿನವೂ ಅದೇ. ಹಗಲೆಲ್ಲ ಕಮಲಾಬಾಯಿ, ಸಂಜೆಗೆ ಲಕ್ಕವ್ವ. ಹೊಲಿಗೆ ನೆಕ್ಕದಂತೆ ಒಂದು ಹಳೆಯ ಪ್ಲಾಸ್ಟಿಕ್ ಬಕೀಟಿನ ತಳ ಕತ್ತರಿಸಿ ಬುಂದಿಯ ಕೊರಳಿಗೆ ತೊಡಿಸಿದರು. ಜ್ಞಾನದೇವನೇ ಕತ್ತರಿಸಿಕೊಟ್ಟ, ಕೊಟ್ಟು ಕಮಲಾಬಾಯಿಯ ಮುಖ ನೋಡದೆ ಹೋದ. ಜಿನ್ನಪ್ಪನ ಹಳೆಯ ಧೋತರ ಹರಿದು ಹೊಟ್ಟೆಗೆ ಸುತ್ತಿ ಬೆನ್ನಿನ ಮೇಲೆ ಗಂಟು ಹಾಕಿದರು. ಬುಂದಿ ಬಕೀಟಿನೊಳಗಿಂದ ಇಬ್ಬರನ್ನೂ ಒಂದೇ ಪ್ರೀತಿಯಿಂದ ನೋಡುತ್ತಿತ್ತು. ನಾಯಿಗೆ ಯಾರ ಮಾನದ ಚಿಂತೆಯೂ ಇರುವುದಿಲ್ಲ.

ದಶಲಕ್ಷಣ ಪರ್ವ ಬಂತು. ಬಸದಿಯಲ್ಲಿ ದಿನಕ್ಕೊಂದು ಧರ್ಮದ ಮೇಲೆ ಪ್ರವಚನ. ಕ್ಷಮೆಯ ದಿನ ಕಮಲಾಬಾಯಿ ಮುಂದಿನ ಸಾಲಿನಲ್ಲಿ ಕೂತಳು. ಕ್ಷಮಿಸುವುದು ಆಕೆಗೆ ರೂಢಿ ಇತ್ತು. ಮಾರ್ದವದ ದಿನ, ಅಹಂಕಾರ ಬಿಡುವ ಮಾತು ಬಂದಾಗ, ಕಂಬದ ಹಿಂದೆ ಕೂತಳು. ಸತ್ಯದ ದಿನ ಆಕೆಗೆ ನಾಯಿಯ ಹೊಲಿಗೆ ನೆನಪಾಗಿ ಮನೆಯಲ್ಲೇ ಉಳಿದಳು. "ಎಷ್ಟ ಜೀವದಯಾ ನೋಡ್ರಿ, ಪ್ರವಚನ ಬಿಟ್ಟ ನಾಯಿ ಸೇವಾ ಮಾಡಾಕತ್ತಾಳ" ಎಂದು ರಾಜಮತಿ ಬಸದಿಯಲ್ಲಿ ಹೊಗಳಿದ್ದು ಸಂಜೆಗೆ ಕಿವಿಗೆ ಬಿತ್ತು. ಹೊಗಳಿಕೆ ಕೇಳಿ ಮೈಮೇಲೆ ಹುಳ ಬಿಟ್ಟಂತಾಯಿತು.

ಅರಿವೆಯನ್ನು ಒಗೆದು, ಹೊರಗೆ ಹಾಕಲು ಹೆದರಿ ಒಳಗೇ ಒಣಗಿಸಿ, ಜೋಳದ ಕಣಜದ ಹಿಂದೆ ತುರುಕಿದ್ದಳು. ಎಸೆಯಬೇಕೆಂದು ಎರಡು ಬಾರಿ ಕೈಗೆತ್ತಿಕೊಂಡಳು, ಎರಡು ಬಾರಿಯೂ ಅಲ್ಲೇ ಇಟ್ಟಳು. ಜಿನ್ನಪ್ಪ ಅದನ್ನು ನೋಡಿ ಒಂದು ದಿನ ಬಾಯಿ ಬಿಟ್ಟ. "ಹೇಳಿಬಿಡ ಆಕಿಗೆ."

"ನೀವ್ಯಾಕ ಹೇಳಲಿಲ್ಲ ಆ ಹುಡುಗಗ?"

"ನೀ ಬೈದಿದ್ದಿ, ನಾ ಅಲ್ಲ" ಎಂದ ಜಿನ್ನಪ್ಪ. ವರ್ಷಕ್ಕೊಮ್ಮೆ ಮಾತಾಡಿದರೂ ಗುರಿ ತಪ್ಪದ ಗಂಡ.

ಪರ್ವದ ಮಧ್ಯದಲ್ಲಿ ಬುಂದಿಗೆ ಮೈ ಕಾದಿತು. ಒಂದು ಹೊಲಿಗೆ ಬಿಚ್ಚಿ ಕೀವು ಜಿನುಗಿತ್ತು. ಜಿನ್ನಪ್ಪ ಚಿಕ್ಕೋಡಿಗೆ ಹೋಗಿ ಡಾಕ್ಟರರನ್ನು ಕೇಳಿ ಔಷಧ ತಂದ. ಆ ಸಂಜೆ ಇಬ್ಬರು ಹೆಂಗಸರೂ ನಾಯಿಯ ಎರಡು ಬದಿಗೆ ಕೂತು ಗಾಯ ಒರೆಸಿದರು. ಲಕ್ಕವ್ವ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಸತ್ತೇಹೋದರೆ ಎಂದು ಕಮಲಾಬಾಯಿ ಹೆದರಿದಳು. ಅದರ ಬೆನ್ನಿಗೇ ಮತ್ತೊಂದು ವಿಚಾರ ಬಂತು: ನಾಯಿ ಸತ್ತರೆ ಮಾತೂ ಸತ್ತಂತೆ, ಇನ್ನು ಯಾರೂ ಏನೂ ಕೇಳುವುದಿಲ್ಲ. ಆ ವಿಚಾರ ತನ್ನದೇ ತಲೆಯಲ್ಲಿ ಹುಟ್ಟಿದ್ದು ಎಂದು ತಿಳಿದಾಗ ಆಕೆ ಕೈ ಹಿಂದಕ್ಕೆಳೆದುಕೊಂಡಳು. ತನ್ನ ಕೈಯೇ ಹೊಲಸೆನಿಸಿತು.

ಲಕ್ಕವ್ವ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. "ಆವತ್ತ ಎಲುಬಿನ ಮ್ಯಾಲ ಬೂದಿ ಎಳದಿದ್ನ್ರಿ ಬಾಯಾರ. ಎಳದಿದ್ನಿ ಅಂತನ ಅನಸ್ತಿತ್ತ. ಈಗ ನೆಪ್ಪ ಬರವಲ್ದ. ಅಳಿಯಾ ಹೊಂಟಿದ್ದ, ಗಡಿಬಿಡಿ ಇತ್ತ. ಎಳದಿಲ್ಲೇನೋ. ಎಲ್ಲಾರೂ ಅಂತಾರಂದ್ರ ನನ್ನದ ತಪ್ಪಿರಬೇಕ." ನೊಣ ಓಡಿಸುತ್ತಲೇ ಮತ್ತೆ ಹೇಳಿದಳು, "ಗಣಪತಿ ಕಳಿಸಿದ ಮ್ಯಾಲ ಜ್ಞಾನು ಮಟನ್ ತರ್ಲೇನವ್ವಾ ಅಂದ. ಬ್ಯಾಡಪ್ಪಾ ಅಂದ್ನಿ. ಇನ್ನ ಆ ಮಟನ್ ಭಾಂಡೆ ಒಲಿ ಮ್ಯಾಲ ಇಡಾಕ ಕೈ ಬರೂದಿಲ್ರಿ."

ಕಮಲಾಬಾಯಿ ನಾಯಿಯ ಹೊಟ್ಟೆಗೆ ಧೋತರದ ಪಟ್ಟಿ ಮತ್ತೆ ಸುತ್ತಿದಳು. ಎಳೆದಿದ್ದ ಬೂದಿಯನ್ನು ಎಳೆದೇ ಇಲ್ಲವೆಂದು ಒಬ್ಬ ಹೆಂಗಸು ನಂಬುವಂತೆ ಮಾಡಿದವಳು ತಾನು. ತನ್ನ ತಪ್ಪಿಗೆ ವ್ರತ ಹಿಡಿದವಳು ಆಕೆ. ಇದೂ ಒಂದು ಉಪವಾಸವೇ. ನಾಯಿಗೆ ಹೇರಿದಂತೆ ಲಕ್ಕವ್ವನಿಗೂ ಹೇರಿಯಾಗಿತ್ತು. ನಾಚಿಕೆಯಿಂದ ಕಮಲಾಬಾಯಿಗೆ ರಾತ್ರಿ ಮಗ್ಗುಲು ಬದಲಿಸಿದರೂ ನಿದ್ದೆ ಹತ್ತಲಿಲ್ಲ.

ಜ್ವರ ಇಳಿಯಿತು. ಗಾಯ ಕೂಡಿಕೊಂಡಿತು. ಪರ್ವ ಮುಗಿಯುವ ಹೊತ್ತಿಗೆ ಡಾಕ್ಟರು ಹೊಲಿಗೆ ಬಿಚ್ಚಿ, "ಗೆದ್ದೈತ್ರಿ ನಾಯಿ. ಸಂಜಿ ಗಂಜಿ ಇನ್ನೊಂದಿಷ್ಟ ದಿನ ನಡೀಲಿ" ಎಂದರು. ಕೊರಳಿನ ಬಕೀಟು ಬಿಚ್ಚಿದಾಗ ಬುಂದಿ ಮೈ ಕೊಡವಿ, ಸುತ್ತಲಿನ ಪ್ರಪಂಚವನ್ನು ಹೊಸದಾಗಿ ಮೂಸಿ ನೋಡಿತು.

ಮಾರನೆಯ ದಿನ ಕ್ಷಮಾವಳಿ. ವರ್ಷದಲ್ಲಿ ಆದ ತಪ್ಪುಗಳಿಗೆ ಎಲ್ಲರೂ ಎಲ್ಲರನ್ನೂ ಕೈಮುಗಿದು ಕ್ಷಮೆ ಕೇಳುವ ದಿನ. ಬಸದಿಯಿಂದ ಬಂದವರು "ಉತ್ತಮ ಕ್ಷಮಾ, ಉತ್ತಮ ಕ್ಷಮಾ" ಎನ್ನುತ್ತ ಮನೆಯಿಂದ ಮನೆಗೆ ಹೋಗುತ್ತಿದ್ದರು. ಹಾಗೆ ಕೇಳುವುದು ಬಲು ಸುಲಭ. ಯಾರಿಗೆ ಏನೂ ಮಾಡಿಲ್ಲವೋ ಅವರ ಮುಂದೆ ಕೈಮುಗಿದರೆ ಕೈ ನೋಯುವುದಿಲ್ಲ. ಕಮಲಾಬಾಯಿ ಇಡೀ ಓಣಿ ತಿರುಗಿ ಬಂದಿದ್ದಳು, ಎದುರು ಮನೆ ಒಂದನ್ನು ಬಿಟ್ಟು. ಈಗ ಆಕೆಯ ಕಟ್ಟೆಯ ಮೇಲೆ ರಾಜಮತಿ ಮತ್ತು ಇನ್ನೂ ನಾಲ್ಕಾರು ಹೆಂಗಸರು ಕೂತಿದ್ದರು, ಬುಂದಿ ನಡುವೆ ಮಲಗಿತ್ತು.

ಲಕ್ಕವ್ವ ತೊಳೆದ ಸೀರೆ ಉಟ್ಟು ಓಣಿ ದಾಟಿ ಬಂದಳು. ಮೆಟ್ಟಿಲ ಮೇಲೆ ಕೂರಲಿಲ್ಲ, ಕೆಳಗೆ ನೆಲದ ಮೇಲೆ ಕೂತು ಕೈಮುಗಿದಳು.

"ಇವತ್ತ ನೀವು ಎಲ್ಲಾರ ತಪ್ಪೂ ಕ್ಷಮಾ ಮಾಡೂ ದಿನಂತ. ನನ್ನದೂ ಮಾಡ್ರಿ ಬಾಯಾರ."

"ಮಾಡ್ಯಾರ ಏಳ" ಎಂದಳು ರಾಜಮತಿ, ಕಮಲಾಬಾಯಿಯ ಪರವಾಗಿ. "ಅವರದು ದೊಡ್ಡ ಮನಸ."

ಕಮಲಾಬಾಯಿ ಎದ್ದು ಒಳಗೆ ಹೋದಳು.

ಕಟ್ಟೆಯ ಮೇಲೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಬಾಯಾರು ಕ್ಷಮಿಸಲಿಲ್ಲ ಎಂದೇ ತಿಳಿದು ಲಕ್ಕವ್ವ ತಲೆ ಕೆಳಗೆ ಹಾಕಿದಳು. ಏಳಲೆಂದು ನೆಲಕ್ಕೆ ಕೈ ಊರಿದಳು. ಅಷ್ಟರಲ್ಲಿ ಕಮಲಾಬಾಯಿ ಹೊರಬಂದು, ಮೆಟ್ಟಿಲಿಳಿದು, ಆಕೆಯ ಎದುರು ನೆಲದ ಮೇಲೆಯೇ ಕೂತಳು. ಕೈಯಲ್ಲಿದ್ದುದನ್ನು ಲಕ್ಕವ್ವನ ಮಡಿಲಲ್ಲಿಟ್ಟಳು.

"ಎಲುಬಲ್ಲ ಲಕ್ಕವ್ವಾ. ನಾಯಿ ಹೊಟ್ಟ್ಯಾಗ ಇದ್ದದ್ದ ಇದು."

ಲಕ್ಕವ್ವ ಅರಿವೆಯನ್ನು ಬಿಡಿಸಿದಳು. ಕೆಂಪು ಅಂಚು ನೋಡಿದಳು. ಬಾವಿಕಟ್ಟೆಯಲ್ಲಿ ಈ ಅರಿವೆ ಕಮಲಾಬಾಯಿಯ ಕೊಡದ ಬಾಯಿಗೆ ಇದ್ದುದನ್ನು ಓಣಿಯ ಹೆಂಗಸರೆಲ್ಲ ದಿನವೂ ಕಂಡವರೇ.

"ತುಪ್ಪಾ ಸೋಸಿ ಕಲ್ಲ ಮ್ಯಾಲ ಇಟ್ಟಿದ್ನಿ. ಚತುರ್ದಶಿ ಅಂತ ನಾಯಿಗಿ ಕೂಳ ಹಾಕಿರಲಿಲ್ಲ. ಹಸದ ನುಂಗೇತ" ಎಂದಳು ಕಮಲಾಬಾಯಿ. "ನೀ ಬೂದಿ ಎಳದಿದ್ದಿ. ಖರೇನ ಎಳದಿದ್ದಿ."

"ಯಾವಾಗ ಗೊತ್ತಾತ್ರಿ ನಿಮಗ?"

"ಆವತ್ತ. ದವಾಖಾನ್ಯಾಗ."

ಕಟ್ಟೆಯ ಮೇಲೆ ರಾಜಮತಿ ತನ್ನ ಬಳೆಗಳನ್ನು ಸರಿಮಾಡಿಕೊಳ್ಳುತ್ತಿದ್ದಳು.

"ಆವತ್ತಿಂದ ನಾ ದಿನಾ ಬಂದೀನ್ರಿ" ಎಂದಳು ಲಕ್ಕವ್ವ. ದನಿ ಏರಲಿಲ್ಲ. "ದಿನಾ ನಿಮ್ಮ ಮುಂದ ಕುಂತ ತಪ್ಪಾತು ಅಂದೀನಿ. ನೀವು ಕೇಳ್ಕೋತ ಕುಂತಿದ್ರಿ."

ಕಮಲಾಬಾಯಿ ಎರಡೂ ಕೈ ಜೋಡಿಸಿದಳು. ಬೆಳಗಿನಿಂದ ಓಣಿಯ ತುಂಬ ಹಂಚಿ ಬಂದ ಮಾತು ಈಗ ಹೊರಗೆ ಬರಲು ಒದ್ದಾಡಿತು. "ಉತ್ತಮ ಕ್ಷಮಾ, ಲಕ್ಕವ್ವಾ."

ಲಕ್ಕವ್ವ ಅರಿವೆಯನ್ನು ಮೊದಲಿದ್ದಂತೆ ನೀಟಾಗಿ ಮಡಿಚಿ ಮೆಟ್ಟಿಲ ಮೇಲಿಟ್ಟಳು.

"ಅದು ನಿಮ್ಮ ಹಬ್ಬರಿ ಬಾಯಾರ" ಎಂದಳು. "ನಮ್ಮದಲ್ಲ."

ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಓಣಿ ದಾಟಿ ಹೋದಳು. ಹೆಂಗಸರು ಒಬ್ಬೊಬ್ಬರಾಗಿ ಕೆಲಸ ನೆನಪಾಗಿ ಎದ್ದರು. ಕಮಲಾಬಾಯಿ ನೆಲದ ಮೇಲೆಯೇ ಬಹಳ ಹೊತ್ತು ಕೂತಿದ್ದಳು. ಜಿನ್ನಪ್ಪ ಬಂದು ಕೈ ಹಿಡಿದು ಎಬ್ಬಿಸಿದ.

ಸಂಜೆ ಎದುರು ಮನೆಯ ಒಲೆಯ ಮೇಲೆ ಮಟನ್ ಏರಿತು. ಜ್ಞಾನದೇವ ಚೀಲ ಹಿಡಿದು ಬಂದದ್ದನ್ನು ಕಮಲಾಬಾಯಿ ಪಡಸಾಲೆಯಿಂದ ನೋಡಿದ್ದಳು. ಮಸಾಲೆಯ ವಾಸನೆ ಓಣಿ ದಾಟಿ ಮನೆಯೊಳಗೆ ಬಂತು. ಹೊತ್ತು ಮುಳುಗಿತು. ಲಕ್ಕವ್ವ ಬರಲಿಲ್ಲ. ಬರುವುದಿಲ್ಲವೆಂದು ಕಮಲಾಬಾಯಿಗೂ ಗೊತ್ತಿತ್ತು. ಇನ್ನು ತಾನೇ ಒಲೆ ಹಚ್ಚಬೇಕು, ನಾಯಿಗೆ ಗಂಜಿ ಬೇಕು ಎಂದು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದಾಗ ಬುಂದಿ ಮೆಟ್ಟಿಲಿಳಿದು, ಇನ್ನೂ ಬಿಗಿಯಾಗಿದ್ದ ಹೊಟ್ಟೆಯನ್ನು ಸಂಭಾಳಿಸುತ್ತ, ಓಣಿ ದಾಟಿ ಲಕ್ಕವ್ವನ ಬಾಗಿಲಲ್ಲಿ ಕೂತಿತು. ಕಮಲಾಬಾಯಿ ಕಿಟಕಿಗೆ ಬಂದಳು.

ಲಕ್ಕವ್ವ ಹೊರಗೆ ಬಂದಳು. ನಾಯಿಯನ್ನು ನೋಡಿದಳು, ಈ ಕಡೆ ನೋಡಲಿಲ್ಲ. ಒಳಗೆ ಹೋಗಿ ಪಾತ್ರೆ ತಂದು ನೆಲದ ಮೇಲಿಟ್ಟಳು. ಮಟನ್ ಬೇಯಿಸಿದ ಪಾತ್ರೆಯಲ್ಲ. ಅದೇ ಹೊಸ ಜರ್ಮನ್ ಪಾತ್ರೆ, ಅದರಲ್ಲಿ ಬೆಳ್ಳನೆಯ ಗಂಜಿ. ಬುಂದಿ ಕುಡಿಯುವ ತನಕ ಪಕ್ಕದಲ್ಲಿ ಕೂತಿದ್ದು, ಪಾತ್ರೆಯನ್ನು ಬೇರೆಯಾಗಿ ತೊಳೆದು, ಬೇರೆಯಾಗಿಯೇ ಬೋರಲು ಹಾಕಿದಳು.

ಕಮಲಾಬಾಯಿಯ ಕೈ ಕಿಟಕಿಯ ಬಾಗಿಲ ಮೇಲಿತ್ತು. ಮುಚ್ಚಲಿಲ್ಲ.